ಮೂವತ್ತು ವರ್ಷ ಬತ್ತಿದ ಕೆರೆ

1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಆದ ಒಪ್ಪಂದದ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಅದನ್ನು ಓದಿದವರು ಇನ್ನೂ ಕಡಿಮೆ. ಕಾವೇರಿ ಜಗಳ ಎದ್ದಾಗಲೆಲ್ಲ ಅದನ್ನು ಅಣೆಕಟ್ಟುಗಳ ಕಥೆಯ ಮುನ್ನುಡಿಯಂತೆ ಎತ್ತಿ ಹೇಳುತ್ತೇವೆ. ಆದರೆ ಆ ಕಾಗದ ಬರೆದ ಕಾಲಕ್ಕೆ ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ, ಮೆಟ್ಟೂರೂ ಇರಲಿಲ್ಲ. ಎರಡು ಸರ್ಕಾರಗಳು ಅಂದು ತಲೆಕೆಡಿಸಿಕೊಂಡದ್ದು ಕೆರೆಗಳ ಬಗ್ಗೆ, ಹೊಳೆಗೆ ಅಡ್ಡ ಹಾಕುವ ಕಟ್ಟೆಗಳ ಬಗ್ಗೆ. ಮೊದಲ ನಿಯಮದಲ್ಲೇ ‘ಹೊಸ ಜಲಾಶಯ’ ಎಂದರೆ ಯಾವುದು ಎಂಬ ವ್ಯಾಖ್ಯೆ ಬರುತ್ತದೆ. ಹಿಂದೆಂದೂ ಇಲ್ಲದ ಕೆರೆ ಹೊಸದು, ಅದು ಸರಿಯೇ. ಹಿಂದೆ ಇದ್ದು, ಪಾಳುಬಿದ್ದು, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆ ತಪ್ಪಿಹೋದ ಕೆರೆಯೂ ಹೊಸದೇ ಎನ್ನುತ್ತದೆ ಅದೇ ನಿಯಮ. ಪಟ್ಟಿ ಮಾಡಿದ 15 ಮುಖ್ಯ ನದಿಗಳಿಗೆ ಅಡ್ಡಲಾಗಿ, ಕೆಲವು ಉಪನದಿ ಮತ್ತು ಜಲಾನಯನಗಳಲ್ಲಿ, ಅಂಥದ್ದನ್ನು ಕಟ್ಟಬೇಕಾದರೆ ಮೈಸೂರು ಮೊದಲು ಮದ್ರಾಸಿನ ಒಪ್ಪಿಗೆ ಪಡೆಯಬೇಕು. ಆ ಪಟ್ಟಿಯಲ್ಲಿ ಕಾವೇರಿ, ಕಬಿನಿ, ಹೊನ್ನುಹೊಳೆ ಮೂರೂ ಇವೆ. ದುರಸ್ತಿಗೆ ಮಾತ್ರ ಅಡ್ಡಿಯಿಲ್ಲ, ಹಿಂದೆ ಹಿಡಿಯುತ್ತಿದ್ದಷ್ಟೇ ನೀರು ಹಿಡಿಯುವುದಾದರೆ.

ಬಳಕೆಯಲ್ಲಿರುವ ಕೆರೆ ಊರಿನದು, ಬಳಕೆ ತಪ್ಪಿದ ಕೆರೆಯ ನೀರು ನೆರೆಯವನದು ಎಂಬ ಲೆಕ್ಕ ಇದು. ಬರೆದವರ ಉದ್ದೇಶ ಕೆಳಗಿನ ಗದ್ದೆಗಳಿಗೆ ನೀರು ಉಳಿಸುವುದಾಗಿತ್ತು. ಕೆರೆಯ ಮೀನು, ಹಕ್ಕಿ, ಜೊಂಡುಗಳ ಯೋಚನೆ ಅವರಿಗಿರಲಿಲ್ಲ. ಆದರೂ ಕೆರೆಯ ಬದುಕಿನ ಬಗ್ಗೆ ಒಂದು ಸತ್ಯ ಅವರ ಕೈಯಿಂದ ಬರೆಸಿಕೊಂಡುಬಿಟ್ಟಿದೆ: ಕೆರೆ ಉಳಿಯುವುದು ಅದನ್ನು ಬಳಸುವಷ್ಟು ಕಾಲ. ಹಳೆ ಮೈಸೂರು ಸೀಮೆಯ ಕೆರೆಗಳು ಜೌಗು ಪ್ರದೇಶಗಳಾಗಿ ಉಳಿದು ಬಂದದ್ದು ನೆರೆ ಸರ್ಕಾರಗಳ ಒಪ್ಪಂದಗಳಿಂದ ಅಲ್ಲ, ಊರುಗಳ ದುಡಿಮೆಯಿಂದ ಎಂಬುದು ನನ್ನ ವಾದ. ನೆರೆಯವರು ಸೇರಿ ಕೆರೆಗಳನ್ನು ಕಾಪಾಡುವ ಮಾತು ಇಂದು ದೇಶ ದೇಶಗಳ ಮಟ್ಟಕ್ಕೆ ಹೋಗಿದೆ. ಅಲ್ಲಿಯೂ ಈ ದುಡಿಮೆಯ ಲೆಕ್ಕ ಹಿಡಿಯದಿದ್ದರೆ 1892ರ ಕುರುಡೇ ಮುಂದುವರಿಯುತ್ತದೆ.

ಆ ಲೆಕ್ಕವನ್ನು ಬದನವಾಳಿನ ಸುತ್ತಲ ಸೀಮೆಯಿಂದ ಶುರುಮಾಡೋಣ. ಬದನವಾಳು ನಂಜನಗೂಡಿನಿಂದ ಚಾಮರಾಜನಗರಕ್ಕೆ 1926ರಲ್ಲಿ ಹಾಕಿದ ರೈಲುದಾರಿಯ ಮೇಲಿರುವ ಊರು. ಉತ್ತರಕ್ಕೆ ನಂಜನಗೂಡಿನಲ್ಲಿ ಗುಂಡ್ಲುಹೊಳೆ ಕಬಿನಿಗೆ ಸೇರುತ್ತದೆ; ಕಬಿನಿ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಇಂದಿನ ಭೂಪಟ ನೋಡಿದವರಿಗೆ ಇದು ಕರ್ನಾಟಕದ ಒಳನಾಡು. 1956ರ ನವೆಂಬರ್ ಒಂದರವರೆಗೆ ಹಾಗಿರಲಿಲ್ಲ. ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಲಕಾಡಿನಿಂದ ಸ್ವಲ್ಪ ಕೆಳಗೆ ಹೋದರೆ ಕಾವೇರಿ ಬೇರೆ ಸರ್ಕಾರದ ನೆಲ ಮುಟ್ಟುತ್ತಿತ್ತು. ಕಬಿನಿ ಹುಟ್ಟುವ ವಯನಾಡೂ ಮದ್ರಾಸಿನ ಮಲಬಾರ್ ಜಿಲ್ಲೆಯದೇ. ಹಾಗಾಗಿ ಕಬಿನಿ ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಹರಿದು, ಕಾವೇರಿಯ ಹೆಸರಿನಲ್ಲಿ ಮತ್ತೆ ಮದ್ರಾಸಿಗೆ ಹೋಗುವ ನದಿಯಾಗಿತ್ತು. ನಂಜನಗೂಡಿನ ಮೇಲೂ ಮದ್ರಾಸ್, ಕೆಳಗೂ ಮದ್ರಾಸ್. ಮೈಸೂರು, ಮದ್ರಾಸ್ ಎರಡರ ಖಜಾನೆ, ಕಾನೂನು, ಎಂಜಿನಿಯರುಗಳು ಬೇರೆ ಬೇರೆ. ಮೇಲೆ ಮಾತ್ರ ಒಂದೇ ಬ್ರಿಟಿಷ್ ಛತ್ರ. ಆದರೆ 1892ರ ನಿಯಮಗಳು ಕೈಕಟ್ಟಿದ್ದು ಮೈಸೂರನ್ನು ಮಾತ್ರ. ಮೇಲಿನ ವಯನಾಡಿನಲ್ಲಿ ಮದ್ರಾಸ್ ಏನು ಮಾಡಬಾರದು ಎಂಬ ಸಾಲು ಅವುಗಳಲ್ಲಿ ಇಲ್ಲ. ಹನ್ನೊಂದು ವರ್ಷದ ಹಿಂದಷ್ಟೇ, 1881ರಲ್ಲಿ, ಅರಸರಿಗೆ ಮರಳಿ ಒಪ್ಪಿಸಿದ ಸಂಸ್ಥಾನಕ್ಕೆ ಸಮಾನವಾಗಿ ಕುಳಿತು ಚೌಕಾಸಿ ಮಾಡುವ ಬಲ ಇರಲಿಲ್ಲ ಎಂದಷ್ಟೇ ಇದನ್ನು ಅರ್ಥಮಾಡಿಕೊಳ್ಳಬೇಕು.

ಆ ಸಂಸ್ಥಾನದ ಕೆರೆಗಳ ಬಗ್ಗೆ ಬ್ರಿಟಿಷ್ ಎಂಜಿನಿಯರುಗಳಿಗೆ ಅಚ್ಚರಿಯೂ ಇತ್ತು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಲ್ಲಿ ಬರೆದ ಪ್ರಕಾರ ರಾಜ್ಯದ 27,269 ಚದರ ಮೈಲಿಯಲ್ಲಿ ಸುಮಾರು ಶೇ 60ರಷ್ಟು ನೆಲ ಕೆರೆಗಳ ಏರ್ಪಾಟಿಗೆ ಒಳಪಟ್ಟಿತ್ತು. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ, ಹೀಗೆ ಸರಣಿಯಾಗಿ ಇಳಿದು ಕೊನೆಗೆ ಹೊಳೆ ಸೇರುತ್ತಿತ್ತು. ಏರಿ ಕಟ್ಟಿದವನಿಗೆ, ಕಟ್ಟಿದ್ದನ್ನು ಕಾಯುವವನಿಗೆ ಕೆರೆಯ ಕೆಳಗೆ ಕೊಡಗಿ ಭೂಮಿ ಬಿಡುವ ರೂಢಿ ನಮ್ಮ ಶಾಸನಗಳಷ್ಟು ಹಳೆಯದು. ತೂಬಿನ ಬೀಗ ನೀರುಗಂಟಿಯ ಕೈಯಲ್ಲಿ; ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ಬೇಸಿಗೆಯಲ್ಲಿ ಕೆರೆ ಇಳಿದಾಗ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕೆರೆಯ ಹೂಳೂ ಕಡಿಮೆಯಾಗುತ್ತಿತ್ತು. ಬರಿದಾದ ಅಂಗಳದಲ್ಲಿ ದನ ಮೇಯುತ್ತಿದ್ದವು, ಅಂಚಿನ ಜೊಂಡು ಕೊಯ್ದು ಬಳಸುತ್ತಿದ್ದರು, ನೀರು ತಳ ಕಂಡಾಗ ಮೀನು ಹಿಡಿಯುತ್ತಿದ್ದರು.

ಈ ಕೆಲಸಗಳನ್ನು ಒಂದೊಂದಾಗಿ ನೋಡಿದರೆ ಬರೀ ಬೇಸಾಯ. ಒಟ್ಟಾಗಿ ನೋಡಿದರೆ ಜೌಗು ಪ್ರದೇಶವೊಂದನ್ನು ಪ್ರತಿವರ್ಷ ಹೊಸದಾಗಿ ಹುಟ್ಟಿಸುವ ಕ್ರಮ. ಮಳೆಗಾಲದಲ್ಲಿ ತುಂಬಿದ ಕೆರೆ ಬೆಳೆಗೆ ನೀರು ಬಿಡುತ್ತಾ ಕಾರ್ತಿಕದಿಂದ ಮುಂದೆ ನಿಧಾನವಾಗಿ ಇಳಿಯಬೇಕು. ಇಳಿದಂತೆಲ್ಲ ಅಂಚಿನಲ್ಲಿ ಮೊಣಕಾಲುದ್ದದ ನೀರು, ಅದರಾಚೆ ಕೆಸರು, ಅದರಾಚೆ ಎಳೆಯ ಹುಲ್ಲು, ಇನ್ನೂ ಆಚೆ ಕೊಯ್ಲಾದ ಗದ್ದೆ, ಹೀಗೆ ಪಟ್ಟಿ ಪಟ್ಟಿಯಾಗಿ ನೆಲ ತೆರೆದುಕೊಳ್ಳುತ್ತದೆ. ನೀರುಕೋಳಿಗೂ ಕೊಕ್ಕರೆಗೂ ಬಾತಿಗೂ ಬೇರೆ ಬೇರೆ ಆಳ ಬೇಕು. ಇಳಿಯುವ ಕೆರೆಯಲ್ಲಿ ಎಲ್ಲ ಆಳಗಳೂ ಸಿಗುತ್ತವೆ. ತೂಬು ತೆರೆಯದೆ ವರ್ಷವಿಡೀ ತುಂಬಿಯೇ ಇರುವ ಕೆರೆಯಲ್ಲಿ ಈ ಅಂಚು ಮೂಡುವುದಿಲ್ಲ. ಹೂಳು ತೆಗೆಯದ ಕೆರೆ ಮೊದಲು ಜೊಂಡಿನ ಕಾಡಾಗಿ, ಆಮೇಲೆ ಹೊಲವಾಗಿ, ಕೊನೆಗೆ ಸೈಟುಗಳಾಗುತ್ತದೆ. ಹಾಗಾಗಿ ಇಲ್ಲಿ ‘ಪ್ರಕೃತಿ’ ಮತ್ತು ‘ಬಳಕೆ’ ಎಂದು ಎರಡು ಖಾನೆ ಮಾಡಿ ಕೂತರೆ ಕೆರೆ ಯಾವ ಖಾನೆಗೂ ಸೇರದೆ ಹೋಗುತ್ತದೆ.

ಮೂವತ್ತೆರಡು ವರ್ಷಗಳ ನಂತರ, ಅದೇ ಫೆಬ್ರವರಿ 18ರಂದು, 1924ರ ಒಪ್ಪಂದ ಬಂತು. ಕನ್ನಂಬಾಡಿ ಕಟ್ಟೆಯಾದ ಕೃಷ್ಣರಾಜಸಾಗರದ ಎತ್ತರ 124 ಅಡಿ, ಅದರಡಿ ಮೈಸೂರಿಗೆ 1,25,000 ಎಕರೆ ಹೊಸ ನೀರಾವರಿ, ಮದ್ರಾಸಿಗೆ 93.5 ಟಿಎಂಸಿಯ ಮೆಟ್ಟೂರು, ಅದರಡಿ 3,01,000 ಎಕರೆ. ಕಾವೇರಿ ಮತ್ತು ಉಪನದಿಗಳಲ್ಲಿ ಮೈಸೂರು ಮುಂದೆ ಬೆಳೆಸಿಕೊಳ್ಳಬಹುದಾದ ಇನ್ನೊಂದು 1,10,000 ಎಕರೆ. ಕೆರೆಗಳ ಒಪ್ಪಂದ ಅಣೆಕಟ್ಟುಗಳ ಒಪ್ಪಂದವಾಗಿ ಬದಲಾದದ್ದು ಇಲ್ಲಿ. ಎಕರೆ ಮತ್ತು ಘನ ಅಡಿ ಎರಡೇ ಅಳತೆಗಳು ಉಳಿದವು. ಕನ್ನಂಬಾಡಿಯ ನೀರು ಮಂಡ್ಯದ ಕಡೆ ಹರಿಯಿತು. ಬದನವಾಳಿನ ಸುತ್ತಲ ಒಣ ಹೊಲಗಳಿಗೆ ಈ ಅಂಕಿಗಳಿಂದ ಒಂದು ತೊಟ್ಟೂ ಬರಲಿಲ್ಲ. ಒಪ್ಪಂದವಾದ ಮೂರು ವರ್ಷಕ್ಕೆ, 1927ರಲ್ಲಿ, ಮೈಸೂರು ಸರ್ಕಾರದ ಕೈಗಾರಿಕಾ ಇಲಾಖೆ ಇಲ್ಲಿ ಖಾದಿ ಕೇಂದ್ರ ತೆರೆದು ಹಳ್ಳಿಯ ಹೆಂಗಸರ ಕೈಗೆ ರಾಟೆ ಕೊಟ್ಟಿತು. ಗಾಂಧಿಯವರು ಆಸ್ಥೆಯಿಂದ ಗಮನಿಸಿದ ಕೇಂದ್ರವದು. ಖಾದಿಯ ಇತಿಹಾಸಕಾರರು ಅದನ್ನು ಸ್ವದೇಶಿಯ ಅಧ್ಯಾಯವಾಗಿ ಬರೆಯುತ್ತಾರೆ, ತಪ್ಪೇನಿಲ್ಲ. ನೀರಿನ ಇತಿಹಾಸದಲ್ಲಿ ಅದನ್ನು ಬೇರೆಯಾಗಿ ಓದಬೇಕಾಗುತ್ತದೆ: ದೊಡ್ಡ ಜಲಾಶಯದ ಅಚ್ಚುಕಟ್ಟಿಗೆ ಬಾರದ ಸೀಮೆಗೆ ಅದೇ ಸರ್ಕಾರ ಕೊಟ್ಟ ಆಸರೆ ನೂಲು. ನೀರಿನ ಮಟ್ಟಿಗೆ ಈ ಕಡೆಯ ಊರುಗಳಿಗೆ ತಮ್ಮ ತಮ್ಮ ಕೆರೆಯೇ ಗತಿಯಾಗಿ ಉಳಿಯಿತು.

ಕೆರೆಯ ಏರ್ಪಾಟು ಮುರಿದದ್ದು ಸ್ವಾತಂತ್ರ್ಯದ ನಂತರ, ಹಲವು ಕಡೆಯಿಂದ. ಪಿತ್ರಾರ್ಜಿತ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು; ನೀರುಗಂಟಿಯ ಹಳೆಯ ಹಕ್ಕುಬಾಧ್ಯತೆ ಸಡಿಲಗೊಂಡು, ತೂಬು ಯಾರ ಕೆಲಸವೂ ಅಲ್ಲದಂತಾಯಿತು. ಕೆರೆಗಳು ಇಲಾಖೆಯ ಕಡತಕ್ಕೆ ಸೇರಿದವು. 1974ರಲ್ಲಿ ಬೀಚನಹಳ್ಳಿಯ ಬಳಿ 19.52 ಟಿಎಂಸಿಯ ಕಬಿನಿ ಜಲಾಶಯ ಆಯಿತು. ಕೊಳವೆಬಾವಿ ಬಂದ ಮೇಲೆ ಅನುಕೂಲಸ್ಥ ರೈತ ಕೆರೆಯ ಕಡೆ ನೋಡುವುದನ್ನೇ ಬಿಟ್ಟ. ಈಚೆಗೆ ಆಲಂಬೂರಿನ ಬಳಿ ಕಬಿನಿಯಿಂದ ನೀರೆತ್ತಿ ಬತ್ತಿದ ಕೆರೆಗಳನ್ನು ತುಂಬಿಸುವ ಯೋಜನೆ ನಡೆದಿದೆ. ಅಂತರ್ಜಲಕ್ಕೆ ಅದರಿಂದ ಒಳ್ಳೆಯದಾಗುತ್ತದೆ, ಸಂಶಯವಿಲ್ಲ. ಆದರೆ ಪೈಪಿನಲ್ಲಿ ಬಂದ ನೀರು ತನ್ನೊಡನೆ ಹೂಳೆತ್ತುವವನನ್ನೂ ತೂಬು ಕಾಯುವವನನ್ನೂ ತರುವುದಿಲ್ಲ. ಮೇಲಿನ ಕೆರೆಯ ಕೋಡಿಯಿಂದ ನೀರು ಬಾರದೇ ಹೋದರೂ ಪಂಪಿನಿಂದ ಬರುತ್ತದೆ ಎಂದಾದಾಗ ನಡುವಿನ ಕಾಲುವೆಯನ್ನು ಕಾಯುವ ಕಾರಣವೂ ಇಲ್ಲವಾಗುತ್ತದೆ.

ಇಷ್ಟಾದರೂ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹಕ್ಕಿಗಳನ್ನು ಹದಿನಾರು, ಕಗ್ಗಲೀಪುರ ಕೆರೆಗಳಲ್ಲಿ ಪಕ್ಷಿವೀಕ್ಷಕರು ಕಂಡಿದ್ದಾರೆ. ಹಿಮಾಲಯ ದಾಟುವಾಗ ಈ ಹಕ್ಕಿ 7 ಸಾವಿರ ಮೀಟರಿಗಿಂತ ಎತ್ತರ ಏರಿದ್ದು ಉಪಗ್ರಹದ ಮೂಲಕ ದಾಖಲಾಗಿದೆ. ಇಲ್ಲಿ ಅದರ ದಿನಚರಿ ಸರಳ: ಹಗಲು ಕೆರೆಯ ತೆರೆದ ಅಂಚಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲ ಗದ್ದೆಗಳಲ್ಲಿ ಮೇವು. ಅಂದರೆ ಅದಕ್ಕೆ ಕೆರೆಯೊಂದೇ ಸಾಲದು, ಅಚ್ಚುಕಟ್ಟೂ ಬೇಕು. ಮೈಸೂರಿನ ನೆರೆ ಯಾರು ಎಂದು ಈ ಹಕ್ಕಿಯನ್ನು ಮುಂದಿಟ್ಟುಕೊಂಡು ಕೇಳಿದರೆ ಮದ್ರಾಸ್ ಹೆಸರಿಗಿಂತ ಮೊದಲು ಟಿಬೆಟ್ಟು, ಮಂಗೋಲಿಯಗಳ ಹೆಸರು ಹೇಳಬೇಕಾಗುತ್ತದೆ. ಗಡಿಗೆ ಗಡಿ ತಾಗಿರದ ದೇಶಗಳೂ ಒಂದೇ ಜೀವದ ಎರಡು ಮನೆಗಳನ್ನು ಹಂಚಿಕೊಂಡಿವೆ.

ನೆರೆ ದೇಶಗಳ ನಡುವಿನ ಜೌಗು ಪ್ರದೇಶಗಳಿಗೆ ಒಂದು ಅಂತರರಾಷ್ಟ್ರೀಯ ಕಾಗದವೂ ಇದೆ. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸರ್ ಪಟ್ಟಣದಲ್ಲಿ ಆದ ಒಡಂಬಡಿಕೆಯ ಐದನೆಯ ವಿಧಿ, ಹಂಚಿಕೊಂಡ ಜೌಗು ಪ್ರದೇಶ ಮತ್ತು ನೀರಿನ ವ್ಯವಸ್ಥೆಗಳ ಬಗ್ಗೆ ದೇಶಗಳು ಪರಸ್ಪರ ಸಮಾಲೋಚಿಸಬೇಕು ಎನ್ನುತ್ತದೆ. ಭಾರತ 1982ರಲ್ಲಿ ಸೇರಿತು, ಚೀನಾ 1992ರಲ್ಲಿ, ಮಂಗೋಲಿಯ 1998ರಲ್ಲಿ. ಹೆಬ್ಬಾತು ಮರಿಮಾಡುವ ಮಂಗೋಲಿಯದ ತೆರ್ಖಿನ್ ತ್ಸಗಾನ್ ಸರೋವರ, ಚೀನಾದ ಚಿಂಗ್‌ಹಾಯ್ ಸರೋವರದ ಹಕ್ಕಿದ್ವೀಪ ಎರಡೂ ರಾಮ್‌ಸರ್ ಪಟ್ಟಿಯಲ್ಲಿವೆ. ಈ ತುದಿಯಲ್ಲಿ ನಮ್ಮ ಕಾನೂನು ಹೇಳುವುದೇ ಬೇರೆ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ವ್ಯಾಖ್ಯೆಯಲ್ಲೇ ಭತ್ತದ ಗದ್ದೆಗಳನ್ನೂ, ನೀರಾವರಿಗೆಂದೇ ಮನುಷ್ಯರು ಕಟ್ಟಿದ ರಚನೆಗಳನ್ನೂ ಹೊರಗಿಟ್ಟಿವೆ. ಹಕ್ಕಿ ಹಗಲು ಕೂರುವ ಜಾಗವೂ ಹೊರಗೆ, ರಾತ್ರಿ ಮೇಯುವ ಜಾಗವೂ ಹೊರಗೆ! ಹಳೆ ಮೈಸೂರಿನಲ್ಲಿ ಮನುಷ್ಯ ಕಟ್ಟದ ದೊಡ್ಡ ಕೆರೆ ಎಲ್ಲಿದೆ ಎಂದು ನಿಯಮ ಬರೆದವರು ಕೇಳಿಕೊಂಡಂತೆ ಕಾಣುವುದಿಲ್ಲ. ಹಕ್ಕಿಗಳಿಗೆ ಹೆಸರಾದ ರಂಗನತಿಟ್ಟು ಕೂಡ 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಹಾಕಿಸಿದ್ದರಿಂದ ಮೂಡಿದ ದ್ವೀಪಗಳು. ಅದನ್ನು 1940ರಲ್ಲಿ ಪಕ್ಷಿಧಾಮ ಮಾಡಿದಾಗ ಕಟ್ಟೆಯ ವಯಸ್ಸು ಯಾರೂ ಕೇಳಲಿಲ್ಲ. 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ಹೊಸಪೇಟೆ ಕಡೆಯ ಅಂಕಸಮುದ್ರ ಎರಡೂ ಊರಿನವರು ಬೇಸಾಯಕ್ಕೆಂದು ಕಟ್ಟಿಕೊಂಡ ಕೆರೆಗಳೇ. ಮಾಗಡಿಯ ಹೆಸರು ಪಟ್ಟಿಗೆ ಏರಿದ್ದು ಇದೇ ಹೆಬ್ಬಾತಿನಿಂದ. ರಾಮ್‌ಸರ್ ಬಾಗಿಲಿನಿಂದ ಒಳಗೆ ಬಂದ ಕೆರೆಗೆ ರಕ್ಷಣೆ, ಅಂಥದೇ ಇನ್ನೊಂದು ಕೆರೆಗೆ ವ್ಯಾಖ್ಯೆಯಲ್ಲೇ ನಿರಾಕರಣೆ. ಇದನ್ನು ನೀತಿ ಎನ್ನಲಾಗದು.

ಈ ವಾದಕ್ಕೆ ಎದುರು ಮಾತುಗಳಿವೆ, ಹಗುರವಾದವಲ್ಲ. ಮೊದಲನೆಯದು ಕೆಳಗಿನವರದು. ಮೇಲಿನ ಪ್ರತಿ ಊರೂ ತನ್ನ ಹಳೆಯ ಕೆರೆಯನ್ನು ಎಬ್ಬಿಸುತ್ತಾ ಹೋದರೆ ತಂಜಾವೂರಿನ ಗದ್ದೆಗೆ ಏನು ಉಳಿದೀತು? ಸಾವಿರ ಸಣ್ಣ ಕೆರೆಗಳು ಸೇರಿ ಹಿಡಿಯುವ ನೀರು ಸಣ್ಣದಲ್ಲ ಎಂಬುದು ನಿಜ. ಮದ್ರಾಸಿನ ಆತಂಕಕ್ಕೆ ಆಧಾರವಿತ್ತು, ಅದನ್ನು ಬರೀ ದಬ್ಬಾಳಿಕೆ ಎಂದು ತಳ್ಳಿಹಾಕುವ ನಮ್ಮ ಕಡೆಯ ರೂಢಿ ನ್ಯಾಯವಲ್ಲ. ಆದರೆ ನಾನು ಹೇಳುತ್ತಿರುವುದು ಹೊಸ ಸಂಗ್ರಹದ ಮಾತಲ್ಲ. ಹೂಳೆತ್ತುವುದು, ತೂಬು ಸರಿಪಡಿಸುವುದು, ಕೋಡಿಯ ಮಟ್ಟ ಏರಿಸದೆ ಹಳೆಯ ಅಳತೆಗೆ ತರುವುದು 1892ರ ಕಟ್ಟುನಿಟ್ಟಿನ ನಿಯಮಗಳಲ್ಲೂ ‘ದುರಸ್ತಿ’ಯೇ ಆಗಿತ್ತು. ಜೌಗು ಪ್ರದೇಶವಾಗಿ ಕೆರೆಯ ಬೆಲೆ ಇರುವುದು ಅದರ ಆಳದಲ್ಲಿ ಅಲ್ಲ, ಇಳಿಯುವ ಅಂಚಿನಲ್ಲಿ. ಅಂಚಿಗೆ ಬೇಕಾದ್ದು ಹೆಚ್ಚು ನೀರಲ್ಲ, ಹದವಾಗಿ ಬಿಡುವ ನೀರು.

ಎರಡನೆಯದು ಇನ್ನೂ ಗಂಭೀರ. ಊರಿನ ದುಡಿಮೆ ಎಂದು ಹೊಗಳುತ್ತಿರುವುದು ಯಾರ ದುಡಿಮೆ? ಅಚ್ಚುಕಟ್ಟಿನ ಗದ್ದೆ ಹೆಚ್ಚಾಗಿ ಮೇಲಿನ ಜಾತಿಗಳದು. ತೂಬು ಕಾಯುವ, ಏರಿಯ ಮೇಲೆ ರಾತ್ರಿ ಕಳೆಯುವ, ಬಿಟ್ಟಿ ಮಾಡುವ ಕೆಲಸ ಬಹಳಷ್ಟು ಕಡೆ ದಲಿತರದು. ಗಾಂಧಿಯ ರಾಟೆಗೆ ಹೆಸರಾದ ಇದೇ ಬದನವಾಳಿನ ಹೆಸರು 1993ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾದಾಗ. ಆದ್ದರಿಂದ ‘ಗ್ರಾಮ ಸಮುದಾಯ’ಕ್ಕೆ ಕೆರೆ ಮರಳಿಸಿ ಎಂದು ಕಣ್ಣು ಮುಚ್ಚಿ ಬರೆಯುವ ಧೈರ್ಯ ನನಗಿಲ್ಲ. ಹಳೆಯ ಏರ್ಪಾಟಿನಲ್ಲಿ ಉಳಿಸಬೇಕಾದ್ದು ಕೆಲಸಗಳನ್ನು, ಅವುಗಳ ಹಿಂದಿನ ಜಾತಿಯ ಕಟ್ಟನ್ನಲ್ಲ. ತೂಬು ಕಾಯುವುದಕ್ಕೆ ಸಂಬಳವಿರಬೇಕು, ಮೀನಿನ ಗುತ್ತಿಗೆಯಲ್ಲಿ ಭೂಮಿ ಇಲ್ಲದವರಿಗೆ ಪಾಲಿರಬೇಕು. ಹಳೆಯ ಕಾಲದವರೆಲ್ಲ ಪ್ರಕೃತಿಯ ಮರ್ಮ ಬಲ್ಲವರೆಂದೂ ನಾನು ಹೇಳುತ್ತಿಲ್ಲ. ತಲಕಾಡಿನ ಮರಳಿಗೆ ರಾಣಿಯ ಶಾಪವನ್ನು ಕಾರಣ ಹೇಳುತ್ತಾರೆ. ಮಾಧವಮಂತ್ರಿ ಕಟ್ಟೆಯಿಂದ ನದಿಯ ಹರಿವು ಇಳಿದು, ಬಯಲಾದ ಮರಳು ಗಾಳಿಗೆ ಊರ ಮೇಲೆ ಬಂತೆಂದು ವಿಜ್ಞಾನಿ ಕೆ.ಎನ್. ಗಣೇಶಯ್ಯ ವಾದಿಸಿದ್ದಾರೆ. ಕೆಟ್ಟ ಕಟ್ಟೆಗಳೂ ಹಳೆಯವೇ ಆಗಿರಬಹುದು.

ಹಕ್ಕಿಗಳಿಂದ ಬೆಳೆಗೆ ಹಾನಿ, ರೋಗದ ಭಯ ಎಂಬುದು ಮೂರನೆಯದು. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಬಲಿಯಾದವು, ಸತ್ತವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಹಳ. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಮೈಸೂರು ಮೃಗಾಲಯದ ಬಾಗಿಲು ಹಾಕಬೇಕಾಯಿತು. ಭಯ ಸುಳ್ಳಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಕೆರೆ ಮುಚ್ಚುವುದಲ್ಲ. ಉತ್ತರದ ಸರೋವರದಲ್ಲಿ ಬೇಸಿಗೆಯಲ್ಲಿ ಸತ್ತ ಹಕ್ಕಿಯ ಸುದ್ದಿ ಚಳಿಗಾಲಕ್ಕೆ ಮುಂಚೆ ನಂಜನಗೂಡಿನ ಪಶುವೈದ್ಯರಿಗೆ ತಲುಪಬೇಕು ಎಂಬುದು. ಕೆರೆಗಳು ಕಡಿಮೆಯಾದಷ್ಟೂ ಉಳಿದ ಒಂದೆರಡರಲ್ಲಿ ಹಕ್ಕಿಗಳು ಒತ್ತೊತ್ತಾಗಿ ಸೇರುತ್ತವೆ, ರೋಗ ಹಬ್ಬುವುದೂ ಸುಲಭ. ದೇಶಗಳು ಮಾತಾಡಿಕೊಳ್ಳಬೇಕಾದ ವಿಷಯ ಇದಕ್ಕಿಂತ ಖಚಿತವಾಗಿ ಬೇರೆ ಸಿಗದು. ಮಧ್ಯ ಏಷ್ಯಾದ ಹಕ್ಕಿಹಾದಿಗೆ ಸೇರಿದ ದೇಶಗಳ ಸಮನ್ವಯ ಘಟಕವನ್ನು ಭಾರತದಲ್ಲಿ ನೆಲೆಗೊಳಿಸಲು 2024ರ ಸಮರ್ಕಂಡ್ ಸಭೆ ಒಪ್ಪಿದ್ದು ಈ ಕಾರಣಕ್ಕೂ ಮುಖ್ಯ.

ಹತ್ತಿರದ ನೆರೆಯ ಲೆಕ್ಕವೂ ಸ್ವಲ್ಪ ಬದಲಾಗಿದೆ. ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿಯಲ್ಲಿ 10 ಟಿಎಂಸಿಯನ್ನು ಪರಿಸರಕ್ಕೆಂದು ತೆಗೆದಿಟ್ಟಿತು. 1892ರಿಂದ ಎಣಿಸಿದರೆ ಇದು ಸಣ್ಣ ಸಂಗತಿಯಲ್ಲ. ಆದರೆ ಈ 10 ಟಿಎಂಸಿ ಕೂಡ ನದಿಯಲ್ಲಿ ಹರಿಯುವ ನೀರು. ಸರಣಿ ಕೆರೆಗಳ ಲೆಕ್ಕ ಅದರಲ್ಲಿಲ್ಲ. ಕಬಿನಿ ಕೊಳ್ಳದಲ್ಲಿ 21 ಟಿಎಂಸಿ ಪಡೆದ ಕೇರಳ 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳನ್ನು ಒಂದೇ ಕಾಯ್ದೆಯಡಿ ತಂದಿದೆ. ಗದ್ದೆಯನ್ನು ಜೌಗು ಪ್ರದೇಶದ ಒಡಹುಟ್ಟು ಎಂದು ಒಪ್ಪಿದ ಕಾನೂನು ಅದು. ಜಾರಿಯಲ್ಲಿ ಅದರ ಗತಿ ಏನೇ ಇರಲಿ, ವಯನಾಡಿನ ವಯಲುಗಳು ಹಿಡಿದಿಟ್ಟ ನೀರು ನಂಜನಗೂಡಿಗೆ ತಡವಾಗಿ, ತಿಳಿಯಾಗಿ ಬರುತ್ತದೆ. ಕರ್ನಾಟಕ ಇಂಥದೇ ಒಂದು ವ್ಯಾಖ್ಯೆಯನ್ನು ತನ್ನ ಕೆರೆಗಳಿಗೆ ತಂದುಕೊಳ್ಳಲು ದೆಹಲಿಯ ನಿಯಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮಾಗಡಿ ಹೋದ ದಾರಿಯಲ್ಲೇ ಹದಿನಾರು, ಕಗ್ಗಲೀಪುರಗಳ ಹೆಸರೂ ಹೋಗಬಹುದು. ಹಾಗೆ ಕಳಿಸುವ ಪ್ರಸ್ತಾವದಲ್ಲಿ ಹಕ್ಕಿಗಳ ಎಣಿಕೆಯ ಜೊತೆಗೆ ತೂಬು ತೆರೆಯುವ ತಿಂಗಳು, ಗೋಡುಮಣ್ಣು ಎತ್ತುವ ಹಕ್ಕು, ಮೀನಿನ ಪಾಲು, ಬೆಳೆಹಾನಿಯ ಪರಿಹಾರ ಎಲ್ಲವೂ ಕೆರೆಯ ನಿರ್ವಹಣೆಯ ಭಾಗವಾಗಿಯೇ ನಮೂದಾಗಬೇಕು. ನೀರುಗಂಟಿಯ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದನ್ನು ಬರೆಯದ ಪ್ರಸ್ತಾವಕ್ಕೆ ಪಂಚಾಯಿತಿ ಸಹಿ ಹಾಕಬಾರದು.